ಅಂಗಡಿಯವರು ಮಾರೋದಿಲ್ಲ ಅಂದ ಹಾಸಿಗೆ

ನಮ್ಮ ಕಾಫಿ ಎಸ್ಟೇಟಿನಲ್ಲಿ ಮೇಸ್ತ್ರಿಯಾದ ಮೊದಲ ಹೆಂಗಸು ನನ್ನ ಹೆಂಡತಿ. ಇದನ್ನು ಹೇಳದೆ ಬೇರೆ ಯಾವ ಮಾತೂ ಶುರುಮಾಡಲು ನನಗೆ ಬರುವುದಿಲ್ಲ. ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಒಮ್ಮೆ ಬಣಕಲ್ಲಿನಲ್ಲಿ ಪಿಕಪ್ಪಿನ ಚಕ್ರಕ್ಕೆ ಗಾಳಿ ಹಾಕಿಸುವಾಗ ಗಾಳಿ ಹಾಕುವವನಿಗೂ ಹೇಳಿದ್ದೆ. ಅವನು ಪಾಪ, "ಒಳ್ಳೇದಾಯ್ತು ಬಿಡಿ, ಹಿಂದಿನ ಟಯರ್ ಸವೆದಿದೆ" ಅಂದ.

ಮೇಸ್ತ್ರಿ ಅಂದರೆ ಬೆಳಿಗ್ಗೆ ಕೆಲಸದವರ ಹಾಜರಿ ತೆಗೆದುಕೊಂಡು, ಯಾರಿಗೆ ಯಾವ ಸಾಲು ಎಂದು ಹಂಚಿಕೊಟ್ಟು, ಸಂಜೆಯವರೆಗೆ ಗುಡ್ಡ ಹತ್ತಿ ಇಳಿದು ಕೆಲಸ ತೆಗೆಸುವವರು. ನಮ್ಮಲ್ಲಿ ಅದು ಯಾವಾಗಲೂ ಗಂಡಸರ ಕೆಲಸವಾಗಿತ್ತು. ಹಳೇ ಮೇಸ್ತ್ರಿ ಮಂಡಿ ಸೋತು ವಸ್ತಾರೆಯಲ್ಲಿದ್ದ ಮಗಳ ಮನೆಗೆ ಹೋದರು. ಆ ಜಾಗಕ್ಕೆ ಇಬ್ಬರು ಗಂಡಸರು ಶರ್ಟು ಇಸ್ತ್ರಿ ಮಾಡಿಸಿಕೊಂಡು ಓಡಾಡುತ್ತಿದ್ದರು. ನಮ್ಮ ಸಾಹುಕಾರರು ಅವರಿಬ್ಬರನ್ನೂ ಬಿಟ್ಟು ಇವಳನ್ನು ಕರೆದರು. "ಈ ವರ್ಷದ ಅರೇಬಿಕಾ ಕೊಯ್ಲು ನೀನು ನೋಡ್ಕೊಳಮ್ಮ. ಕೊಯ್ಲು ಮುಗೀಲಿ, ಆಮೇಲಿಂದು ಮಾತಾಡೋಣ" ಅಂದರು. ಅಂದರೆ ಪರೀಕ್ಷೆ. ಗೆದ್ದರೆ ಮೇಸ್ತ್ರಿ, ಸೋತರೆ ಮತ್ತೆ ಬುಟ್ಟಿ ಹಿಡಿದು ಸಾಲಿಗೆ.

"ಆಯ್ತು ಸಾವ್ಕಾರ್ರೇ" ಅಂದು ಬಂದವಳು ಮನೆಯೊಳಗೆ ಕಾಲಿಟ್ಟದ್ದೇ ಬಾಗಿಲು ಹಾಕಿ, ಗೋಡೆ ಹಿಡಿದು ನಿಧಾನಕ್ಕೆ ಕೂತಳು.

"ನಂಗೆ ಆಗ್ತದಾ ಮಾರಾಯ್ರೆ?" ಅಂದಳು. ಯಾವತ್ತೂ ಹಾಗೆ ಕೇಳಿದವಳಲ್ಲ.

ಕೆಲಸದ ಬಗ್ಗೆ ಅವಳಿಗೆ ಹೆದರಿಕೆ ಇರಲಿಲ್ಲ. ಹೆದರಿಕೆ ಇದ್ದದ್ದು ಸೊಂಟದ್ದು. ಇಪ್ಪತ್ತು ವರ್ಷ ಹಣ್ಣಿನ ಮೂಟೆ ಹೊತ್ತ ಸೊಂಟ. ಕಾಫಿ ಹಣ್ಣು ಕೊಯ್ದ ಮೇಲೆ ಅದನ್ನು ಗುಡ್ಡದಿಂದ ರಸ್ತೆಗೆ ಇಳಿಸಬೇಕಲ್ಲ. ನಾನು ಎಸ್ಟೇಟಿನ ಡ್ರೈವರು, ಗಾಡಿ ತಂದು ರಸ್ತೆಯಲ್ಲಿ ಕಾಯುವವ. ಅವಳು ಹೊತ್ತು ತರುವವಳು. ನಮ್ಮ ಮದುವೆಗೂ ಮುಂಚಿನ ಪರಿಚಯ ಅದೇ. ಈಗ ಎರಡು ವರ್ಷದಿಂದ ಬೆಳಿಗ್ಗೆ ಎದ್ದರೆ ಅವಳಿಗೆ ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು, ಬಗ್ಗಿದ್ದವಳು ಗೇಣು ಗೇಣಾಗಿ ಮೇಲೇಳಬೇಕು. ಅಷ್ಟರಲ್ಲಿ ನಾನು ಒಲೆ ಹಚ್ಚಿ, ಚಾ ಕಾಯಿಸಿ, ಸೋಸಿ, ಒಂದು ಲೋಟ ಕುಡಿದೂ ಆಗುತ್ತಿತ್ತು. ಒಮ್ಮೆ ನೆಟ್ಟಗಾದಳೋ, ಆಮೇಲೆ ನೋವಿದೆ ಅಂತ ಯಾರೂ ಹೇಳುವ ಹಾಗಿಲ್ಲ.

ಈ ವಿಷಯ ಲೈನಿನಲ್ಲಿ ಯಾರಿಗೂ ಗೊತ್ತಾಗಬಾರದು ಅನ್ನುವುದು ಅವಳ ಹಟ. ಲೈನು ಅಂದರೆ ಒಂದೇ ಸೂರಿನ ಕೆಳಗೆ ಸಾಲಾಗಿ ಕಟ್ಟಿದ ಆರು ಮನೆ. ಆಚೆ ಮನೆಯಲ್ಲಿ ಸಾಸಿವೆ ಸಿಡಿದರೆ ಈಚೆ ಮನೆಯಲ್ಲಿ ಸೀನು ಬರುತ್ತದೆ. ಅಂಥಲ್ಲಿ ಎರಡು ವರ್ಷ ಹಲ್ಲು ಕಚ್ಚಿಕೊಂಡು, ಒಂದು 'ಅಮ್ಮಾ' ಕೂಡ ಅನ್ನದೆ ಎದ್ದವಳು ಅವಳು.

ಮೂಡಿಗೆರೆಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ. ಎಕ್ಸ್‌ರೇ ತೆಗೆಸಿ, ಮೂಳೆಗೆ ಏನೂ ಆಗಿಲ್ಲ ಅಂದರು. ಆಮೇಲೆ ಕೇಳಿದರು, "ಯಾವುದರ ಮೇಲೆ ಮಲಗ್ತೀರಿ?"

"ಹಾಸಿಗೆ ಮೇಲೆ."

"ಎಷ್ಟು ವರ್ಷದ್ದು?"

ಅವಳು ನನ್ನ ಮುಖ ನೋಡಿದಳು. ಅದು ನಮ್ಮ ಮದುವೆಯದ್ದು. ಬೂರುಗದ ಹತ್ತಿ ತುಂಬಿಸಿದ್ದು. ಹತ್ತಿ ಎಲ್ಲ ಅಂಚಿಗೆ ಓಡಿ ಗಂಟುಕಟ್ಟಿ, ನಡುವೆ ಒಂದು ಹಳ್ಳವಾಗಿತ್ತು. ನಾವಿಬ್ಬರೂ ಆಚೆ ದಡ ಈಚೆ ದಡದಲ್ಲಿ ಮಲಗಿ, ಬೆಳಗಾಗುವಾಗ ಹಳ್ಳದಲ್ಲಿ ಭೇಟಿಯಾಗುತ್ತಿದ್ದೆವು. ನಾನು ಅದನ್ನು ಹೇಳಿದರೆ ಡಾಕ್ಟರು ನಗಲಿಲ್ಲ. "ಮಾತ್ರೆ ಕೊಡ್ತೀನಿ, ವ್ಯಾಯಾಮ ಹೇಳ್ಕೊಡ್ತೀನಿ. ಆದ್ರೆ ಮೊದ್ಲು ಆ ಹಾಸಿಗೆ ಬಿಸಾಕಿ. ಹಲಗೆ ಥರ ಗಟ್ಟಿ ಬೇಡ, ಗುಂಡಿ ಬೀಳೋದೂ ಬೇಡ. ಸೊಂಟಕ್ಕೆ ಕೆಳಗಿಂದ ಒಂದು ಕೈ ಕೊಟ್ಟ ಹಾಗಿರ್ಬೇಕು" ಅಂದರು.

ಕೊಯ್ಲಿಗೆ ಇನ್ನು ಒಂದು ತಿಂಗಳು ಇತ್ತು. ನಮ್ಮ ಹತ್ತಿರ ಇದ್ದದ್ದು ಎಂಟು ಸಾವಿರ. ಅದೂ ಅವಳದ್ದೇ ದುಡ್ಡು, ಹಕ್ಕಲು ಮೆಣಸಿನದ್ದು. ನಮ್ಮ ಕಡೆ ಮೆಣಸು ಕೊಯ್ದು ಮುಗಿದ ಮೇಲೆ ಬಳ್ಳಿಯ ಬುಡದಲ್ಲಿ ಉದುರಿದ ಕಾಳನ್ನು ಯಾರು ಬೇಕಾದರೂ ಆರಿಸಿಕೊಳ್ಳಬಹುದು, ಆರಿಸಿದವರಿಗೇ ಅದು. ತರಗೆಲೆ ಕೆದಕಿ ಕೆದಕಿ ಒಂದೊಂದೇ ಕಾಳು ಹೆಕ್ಕುವ ಕೆಲಸ. ಅಂಥ ದುಡ್ಡನ್ನು ಎಲ್ಲೆಂದರಲ್ಲಿ ಕೊಡಲು ಮನಸ್ಸು ಬರುವುದಿಲ್ಲ.

ನಾನು ಜಾಣತನ ಮಾಡಲು ಹೋದೆ. ಈಗ ನಮ್ಮ ಸುತ್ತ ತಿರುವಿಗೊಂದು ಹೋಂಸ್ಟೇ ಇದೆಯಲ್ಲ. ಅವರು ಸೀಸನ್ನಿಗೆ ಮುಂಚೆ ಹಳೇ ಹಾಸಿಗೆ ತೆಗೆದು ಹೊಸದು ಹಾಕುತ್ತಾರೆ. ಅಂಥ ಒಂದು ಕಡೆ ಗಾಡಿ ಓಡಿಸುವ ಗೆಳೆಯ ಹೇಳಿದ, ಮೂರು ಸಾವಿರಕ್ಕೆ ಒಂದು ಇದೆ, ಇಷ್ಟು ದಪ್ಪ ಅಂತ ಮೊಣಕೈವರೆಗೆ ತೋರಿಸಿದ. ನಾನು ಹೋಗಿ ನೋಡಿದೆ. ಕೂತರೆ ಎದ್ದು ಬರಲು ಮನಸ್ಸಾಗದ ಹಾಸಿಗೆ. ನನ್ನ ಮಟ್ಟಿಗೆ ವ್ಯಾಪಾರ ಮುಗಿದಿತ್ತು. ಅವಳನ್ನು ಒಂದು ಸಲ ತೋರಿಸಲು ಕರೆದುಕೊಂಡು ಹೋದೆ.

ಅವಳು ಕೂರಲಿಲ್ಲ. ಹೊದಿಕೆಯ ಜಿಪ್ಪನ್ನು ಒಂದು ಗೇಣು ಎಳೆದು ಒಳಗೆ ಕೈ ತೂರಿಸಿದಳು, ಕಣದಲ್ಲಿ ಕಾಫಿ ರಾಶಿ ಒಣಗಿದೆಯಾ ಎಂದು ನೋಡಲು ತೂರಿಸುತ್ತಾರಲ್ಲ, ಹಾಗೆ, ಮೊಣಕೈವರೆಗೆ. ಸ್ವಲ್ಪ ಹೊತ್ತು ಹಾಗೇ ಇಟ್ಟಳು. ಕೈ ತೆಗೆದು ಮೂಸಿದಳು. ನನ್ನ ಮೂಗಿಗೂ ಹಿಡಿದಳು.

"ಇದು ನಾಲ್ಕು ಮಳೆಗಾಲ ಕುಡಿದಿದೆ. ಮೇಲೆ ಸೆಂಟು ಹೊಡ್ದಿದಾರೆ, ಒಳಗೆ ಮುಗ್ಗಲು."

"ಬಿಸ್ಲಿಗೆ ಹಾಕಿದ್ರೆ ಹೋಗ್ತದೆ ಮಾರಾಯ್ತಿ."

"ಮುಗ್ಗಿದ ಕಾಫಿ ಬಿಸ್ಲಿಗೆ ಹಾಕಿದ್ರೆ ಸರಿಯಾಗ್ತದಾ? ಸಾವ್ಕಾರ್ರನ್ನ ಕೇಳಿ ನೋಡಿ." ಜಿಪ್ಪು ಎಳೆದು ಮುಚ್ಚಿ, ಹೊರಟೇಬಿಟ್ಟಳು. ಗಾಡಿಯಲ್ಲಿ ಕೂತ ಮೇಲೆ ಹೇಳಿದಳು, "ದಪ್ಪ ನೋಡಿ ಮರುಳಾಗೋದು ನೀವು ಮೊದ್ಲಿಂದ." ಅವಳ ಅಕ್ಕನನ್ನು ನಾನು ಮೊದಲು ನೋಡಲು ಹೋಗಿದ್ದೆ, ಅದನ್ನು ಅವಳು ಇನ್ನೂ ಬಿಟ್ಟಿಲ್ಲ.

ಅದರ ಮುಂದಿನ ಭಾನುವಾರ, ನೆಂಟರ ಮನೆಗೆ ಎಂದು ಲೈನಿನಲ್ಲಿ ಸುಳ್ಳು ಹೇಳಿ, ಇಬ್ಬರೂ ಮೂಡಿಗೆರೆಗೆ ಹೋದೆವು. ಮೊದಲು ಹೋದದ್ದು ಹತ್ತಿ ಹಾಸಿಗೆ ಹೊಲಿಯುವ ಒಬ್ಬ ಮುದುಕರ ಹತ್ತಿರ. ನಮ್ಮ ಮದುವೆ ಹಾಸಿಗೆ ಹೊಲಿದವರೂ ಅವರೇ ಇರಬೇಕು, ಆ ಕಾಲಕ್ಕೆ ಊರಿಗೆಲ್ಲ ಅವರೊಬ್ಬರೇ ಇದ್ದದ್ದು. ಸೂಜಿ ಬಾಯಲ್ಲಿ ಇಟ್ಟುಕೊಂಡೇ ಇವಳ ಸೊಂಟದ ಕಥೆ ಕೇಳಿದರು. ಸೂಜಿ ತೆಗೆದು ಹೇಳಿದರು, "ನಿಂಗೆ ಹತ್ತಿ ಬೇಡಮ್ಮ. ನಮ್ಮ ಮಳೆಗೆ ಹತ್ತಿ ನೀರು ಹಿಡೀತದೆ, ವರ್ಷಕ್ಕೊಮ್ಮೆ ಬಿಚ್ಚಿ ಹಿಂಜಿಸ್ಬೇಕು. ನೀನು ಹಿಂಜಿಸೋದಿಲ್ಲ. ಯಾರೂ ಹಿಂಜಿಸೋದಿಲ್ಲ ಈಗ."

ಬಂದ ವ್ಯಾಪಾರವನ್ನು ಹಾಗೆ ವಾಪಸು ಕಳಿಸಿದ ಮನುಷ್ಯ. ಇವಳು ಕೇಳಿದಳು, "ಹಾಗಾದ್ರೆ ಸ್ಪಂಜಿಂದು ತಗೊಳ್ಳೋದಾದ್ರೆ ಎಂತ ನೋಡ್ಬೇಕು ಅಜ್ಜಾ?"

"ಸ್ಪಂಜಿನ ವಿದ್ಯೆ ನಂಗೆ ಗೊತ್ತಿಲ್ಲ. ನಾನು ಹತ್ತಿ ತೂಕ ಹಾಕಿ ಕೊಡೋನು. ಇಷ್ಟು ಕೆಜಿ ತುಂಬಿದೀನಿ ಅಂತ ಕಣ್ಣೆದುರೇ ತೋರಿಸ್ತೀನಿ. ಅವರು ಹೊದಿಕೆ ತೋರಿಸ್ತಾರೆ, ಹೂವು ತೋರಿಸ್ತಾರೆ." ಅಷ್ಟು ಹೇಳಿ ಮತ್ತೆ ಸೂಜಿ ಬಾಯಿಗಿಟ್ಟರು.

ಇವಳು ಅಲ್ಲಿಂದ ಮಾತಿಲ್ಲದೆ ನಡೆದಳು. ಅವಳು ಮಾತಿಲ್ಲದೆ ನಡೆದರೆ ತಲೆಯಲ್ಲಿ ಏನೋ ಹತ್ತಿಕೊಂಡಿದೆ ಎಂದು ಲೆಕ್ಕ.

ಪೇಟೆ ಬೀದಿಯ ಹಾಸಿಗೆ ಅಂಗಡಿಯಲ್ಲಿ ಗೋಡೆಗೆ ಒರಗಿಸಿದ ಎಲ್ಲ ಹಾಸಿಗೆ ಮೇಲೂ ಆರ್ಥೋ ಎಂದು ಬರೆದಿತ್ತು. ಅಂಗಡಿಯವರು ಕುತ್ತಿಗೆಗೆ ಟೇಪು ಹಾಕಿಕೊಂಡ, ಮಾತು ಬಲ್ಲ ಮನುಷ್ಯ. "ಕೈಯಿಟ್ಟು ಒತ್ತಿ ನೋಡಿ ಅಕ್ಕ, ಬೆಣ್ಣೆ" ಅಂದರು.

"ನಾನು ಕೈ ಮಲಗಿಸೋದಲ್ಲ, ಸೊಂಟ ಮಲಗಿಸೋದು."

"ಹಾಗಾದ್ರೆ ಮಲಗಿಯೇ ನೋಡಿ." ಮೂರು ಹಾಸಿಗೆಯನ್ನು ಮಂಚದ ಮೇಲೆ ಹಾಕಿಟ್ಟಿದ್ದರು, ಗಿರಾಕಿಗಳು ನೋಡಲಿ ಅಂತ. ಆದರೆ ಅಂಗಡಿಗೆ ಬಾಗಿಲೇ ಇಲ್ಲ, ಬರೀ ಶಟರು. ಎದುರಿಗೇ ರಸ್ತೆ, ಬಸ್ಸಿಗೆ ಕಾಯುವ ಜನ. ಅಷ್ಟು ಜನರ ಮುಂದೆ ಸೀರೆ ಉಟ್ಟ ಹೆಂಗಸು ಮಲಗುವುದು ಹೇಗೆ? ನನ್ನ ಹೆಂಡತಿ, ಮೂವತ್ತು ಗಂಡಾಳುಗಳಿಗೆ ಕೆಲಸ ಹೇಳಲು ಹೊರಟವಳು, ಮಂಚದ ಅಂಚಿನಲ್ಲಿ ಸೆರಗು ಹಿಡಿದು ನಿಂತುಬಿಟ್ಟಳು. "ನೀವು ಮಲಗಿ ನೋಡಿ" ಅಂತ ನನಗೆ ಹೇಳಿದಳು. ನಾನು ಮಲಗಿದೆ. ಮೂರೂ ಚೆನ್ನಾಗಿತ್ತು. ನನಗೆ ಕಲ್ಲುಚಪ್ಪಡಿಯೂ ಚೆನ್ನಾಗಿರುತ್ತದೆ.

ಅಲ್ಲಿ ಬುರ್ಖಾ ಹಾಕಿದ ಒಬ್ಬ ಹೆಂಗಸು ಮಗಳ ಮದುವೆಗೆ ಹಾಸಿಗೆ ನೋಡಲು ಬಂದಿದ್ದರು. ಇವಳ ಪರದಾಟ ನೋಡುತ್ತಿದ್ದರು ಅಂತ ಕಾಣುತ್ತದೆ. ತಮ್ಮ ದೊಡ್ಡ ಕೊಡೆಯನ್ನು ಅಂಗಡಿಯೊಳಗೇ ಬಿಚ್ಚಿ, ರಸ್ತೆ ಕಡೆಗೆ ಅಡ್ಡ ಹಿಡಿದು ನಿಂತರು.

"ಮಲಗಿ ಅಕ್ಕ. ಈಗ ಯಾರೂ ನೋಡೋದಿಲ್ಲ. ನೋಡಿದ್ರೂ ನನ್ನ ಕೊಡೆ ಕಾಣ್ತದೆ."

ಅಂಗಡಿಯವರಿಗೂ ನನಗೂ ಆ ಕಡೆ ತಿರುಗಿ ಎಂದು ಅಪ್ಪಣೆಯಾಯಿತು. ನಾವಿಬ್ಬರೂ ಗೋಡೆ ನೋಡುತ್ತ ನಿಂತೆವು. ಹಿಂದಿನಿಂದ ಮಾತು ಕೇಳುತ್ತಿತ್ತು.

"ನೆಟ್ಟಗೆ ಮಲಗಿ. ಸೊಂಟದ ಕೆಳಗೆ ಕೈ ಹಾಕ್ತೀನಿ, ಹಾಂ? ಅಯ್ಯೋ, ಇದ್ರಲ್ಲಿ ನನ್ನ ಕೈ ಬಸ್ಸಿನ ಹಾಗೆ ಓಡಾಡ್ತದೆ. ಇದು ಕಲ್ಲು. ಏಳಿ, ಇನ್ನೊಂದು ನೋಡುವ."

ಎರಡನೆಯದರಲ್ಲಿ ಅವರ ಕೈ ಹೋಗಲೇ ಇಲ್ಲ, ಸೊಂಟ ಹೂತುಹೋಗಿತ್ತು. ಮೂರನೆಯದರ ಮಂಚ ಕಿರ್ರೆಂದಿತು. ಆಮೇಲೆ ಆ ತಾಯಿ ಹೇಳಿದರು, "ಇದ್ರಲ್ಲಿ ಕೈ ಹೋಗ್ತದೆ, ಆದ್ರೆ ಹಿಡ್ಕೊಂಡು ಹೋಗ್ತದೆ. ಮಗ್ಗುಲಿಗೆ ತಿರುಗಿ ನೋಡಿ."

ಇವಳು ತಿರುಗಿದಳು. ಮತ್ತೆ ಎದ್ದ ಸದ್ದೇ ಇಲ್ಲ. ಅಂಗಡಿಯವರು ಗೋಡೆಗೆ ಮುಖ ಮಾಡಿಕೊಂಡೇ ನನ್ನನ್ನು ಕೇಳಿದರು, "ನಿದ್ದೆ ಹೋದ್ರಾ?"

"ಇಲ್ಲ," ಅಂದಳು ಇವಳು ಹಿಂದಿನಿಂದ. "ಏಳುವಾಗ ನೋಯ್ತದಾ ನೋಡ್ತಿದೀನಿ. ಮಲಗೋದು ಯಾರಿಗೂ ನೋಯೋದಿಲ್ಲ."

ಎದ್ದಳು. ಕೈ ಊರದೆ ಎದ್ದಳು. ಆ ತಾಯಿ ಕೊಡೆ ಮಡಚಿ, "ನನ್ನ ಮಗಳಿಗೂ ಇದೇ ಇರಲಿ" ಅಂದರು.

ಅದರ ಬೆಲೆ ಒಂಬತ್ತೂವರೆ ಸಾವಿರ. ಆರಡಿ ಉದ್ದ, ನಾಲ್ಕಡಿ ಅಗಲ, ಐದು ಇಂಚು ದಪ್ಪ. "ನಲವತ್ತು ಡೆನ್ಸಿಟಿ ಅಕ್ಕ, ಹತ್ತು ವರ್ಷಕ್ಕೂ ಕುಸಿಯೋದಿಲ್ಲ" ಅಂದರು ಅಂಗಡಿಯವರು. ಡೆನ್ಸಿಟಿ ಅಂದರೇನು ಅಂತ ಇವಳು ಕೇಳಿದಳು. ಅವರು ವಿವರಿಸಿದರು: ಒಂದು ಮೀಟರು ಉದ್ದ, ಒಂದು ಮೀಟರು ಅಗಲ, ಒಂದು ಮೀಟರು ಎತ್ತರದ ಸ್ಪಂಜು ತೂಗಿದರೆ ನಲವತ್ತು ಕೆಜಿ ಬರಬೇಕು. ಹೆಚ್ಚು ತೂಕ ಅಂದರೆ ಹೆಚ್ಚು ಮಾಲು. ಅವರು ಇಷ್ಟು ವಿವರಿಸಿದ್ದೇ ಅವರಿಗೆ ತಿರುಗುಬಾಣವಾಯಿತು.

ಒಳಗಿನಿಂದ ಪ್ಯಾಕ್ ಮಾಡಿದ ಹೊಸ ಪೀಸು ತಂದು ನಿಲ್ಲಿಸಿದರು. ಹೊಳೆಯುವ ಪ್ಲಾಸ್ಟಿಕ್ಕು, ಒಳಗೆ ನೀಲಿ ಹೂವಿನ ಹೊದಿಕೆ. ಇವಳು ಒಂದು ಮೂಲೆ ಹಿಡಿದು ಎತ್ತಿದಳು. ಇಳಿಸಿದಳು. ಮಂಚದ ಮೇಲಿದ್ದ ಪೀಸಿನ ಮೂಲೆ ಹಿಡಿದು ಎತ್ತಿದಳು. ಮತ್ತೆ ಇದನ್ನು ಎತ್ತಿದಳು.

ನನಗೆ ಗೊತ್ತಾಯಿತು, ಇನ್ನು ಅಂಗಡಿಯವರ ಕಥೆ ಮುಗಿಯಿತು ಅಂತ. ಅವಳ ಕೈ ಸಾಮಾನ್ಯದ್ದಲ್ಲ. ಇಪ್ಪತ್ತು ವರ್ಷ ಮೂಟೆ ಎತ್ತಿ ಎತ್ತಿ, ಚೀಲದ ಕಿವಿ ಹಿಡಿದರೆ ಸಾಕು, ಇದು ನಲವತ್ತೆಂಟು, ಇದು ಐವತ್ತೊಂದು ಅನ್ನುತ್ತಾಳೆ. ಆಮೇಲೆ ತೂಗಿದರೆ ಅರ್ಧ ಕೆಜಿ ಆಚೀಚೆ ಬಂದರೆ ಹೆಚ್ಚು.

"ಇದು ಅದಲ್ಲ" ಅಂದಳು.

"ಅದೇ ಅಕ್ಕ. ಅದೇ ಕಂಪನಿ, ಅದೇ ಮಾಡೆಲ್ಲು. ಚೀಟಿ ನೋಡಿ, ನಲವತ್ತು."

"ಚೀಟಿ ಅದೇ ಇರ್ಬಹುದು. ಇದು ಅದಕ್ಕಿಂತ ಮೂರು ಕೆಜಿ ಕಮ್ಮಿ ಇದೆ. ಮೂರರ ಮೇಲೇ ಇರ್ಬೇಕು. ತೂಕ ಹಾಕಿ."

ಅಂಗಡಿಯವರಿಗೆ ನಗು ಬಂತು. "ಹಾಸಿಗೆ ಯಾರು ತೂಕ ಹಾಕ್ತಾರೆ ಅಕ್ಕ, ಇದೇನು ಮೆಣಸಾ?"

"ನೀವೇ ಹೇಳಿದ್ರಲ್ಲ, ತೂಕ ಇದ್ರೆ ಮಾಲು ಅಂತ."

ಅವರ ಹತ್ತಿರ ತಕ್ಕಡಿ ಇರಲಿಲ್ಲ. ಆದರೆ ಎದುರು ಸಾಲಿನಲ್ಲೇ ಕಾಫಿ ಮೆಣಸು ಕೊಳ್ಳುವ ಸಾಹೇಬರ ಅಂಗಡಿ. ಇವಳು ಹಕ್ಕಲು ಮೆಣಸು ಮಾರುವುದು ಅವರಿಗೇ. ನಾನೂ ಅಂಗಡಿಯವರೂ ಒಂದೊಂದು ಹಾಸಿಗೆ ತಲೆ ಮೇಲೆ ಹೊತ್ತು ರಸ್ತೆ ದಾಟಿದೆವು. ಕೊಡೆಯ ತಾಯಿಯೂ ಬಿಡದೆ ಹಿಂದೆ ಬಂದರು. ಬಸ್ಸಿಗೆ ಕಾಯುವವರಿಗೆ ಅವತ್ತು ಬೇಜಾರಾಗಿರಲಿಕ್ಕಿಲ್ಲ.

ಸಾಹೇಬರು ಗಲ್ಲಾದಲ್ಲಿ ಕೂತೇ ನೋಡಿದರು. "ಏನಮ್ಮಾ, ಈ ಸಲ ಮೆಣಸು ಬಿಟ್ಟು ಹಾಸಿಗೆ ಮಾರ್ತಿದ್ಯಾ?"

"ತೂಕ ನೋಡ್ಬೇಕು ಸಾಹೇಬ್ರೆ."

"ತೂಕ ನೋಡುವ. ಒದ್ದೆ ಇದೆಯಾ ಅಂತ್ಲೂ ನೋಡ್ಬೇಕಾ? ಮೀಟರಿದೆ." ಅಷ್ಟು ತಮಾಷೆ ಮಾಡಿ, ಎದ್ದು ಬಂದು, ತಕ್ಕಡಿ ಮೇಲೆ ಚೀಲದ ದೂಳು ಹೊಡೆದು, ಶುದ್ಧ ಗೋಣಿ ಹಾಸಿದರು. ಅವರ ತಕ್ಕಡಿ ಸುಳ್ಳು ಹೇಳುವುದಿಲ್ಲ ಅಂತ ಸುತ್ತಲಿಗೆಲ್ಲ ಗೊತ್ತು.

ಮಂಚದ ಮೇಲಿದ್ದ ಹಾಸಿಗೆ ಹನ್ನೆರಡು ಕೆಜಿ ತೂಗಿತು. ಹೊಸ ಪ್ಯಾಕಿನದ್ದು ಎಂಟೂವರೆ, ಪ್ಲಾಸ್ಟಿಕ್ಕು ಸೇರಿ. ಅಂಗಡಿಯವರು ಫೋನು ತೆಗೆದು ಉದ್ದ ಅಗಲ ದಪ್ಪ ಹಾಕಿ ಗುಣಿಸಿದರು. ನಲವತ್ತು ಡೆನ್ಸಿಟಿ ಆದರೆ ಸ್ಪಂಜೇ ಹನ್ನೊಂದು ಚಿಲ್ಲರೆ ಇರಬೇಕು. ಮತ್ತೊಮ್ಮೆ ಗುಣಿಸಿದರು. ಮುಖ ಸಣ್ಣದಾಯಿತು.

ಒಂದು ಮಾತು ಹೇಳಲೇಬೇಕು, ಆ ಮನುಷ್ಯ ಮೋಸಗಾರನಲ್ಲ. "ಮಂಚದ ಮೇಲಿರೋದು ಎರಡು ವರ್ಷದ ಹಿಂದೆ ಬಂದ ಮಾಲು. ಇದು ಈ ತಿಂಗ್ಳು ಬಂದಿದ್ದು. ಚೀಟಿ ನಂಬಿ ಮಾರ್ತಿದ್ದೆ ಅಕ್ಕ, ನಾನು ಯಾವತ್ತೂ ಎತ್ತಿ ನೋಡಿಲ್ಲ" ಅಂದರು. ಕಂಪನಿಯವನು ಬರಲಿ, ಸಾಹೇಬರ ತಕ್ಕಡಿ ಮೇಲೆ ಅವನನ್ನೇ ನಿಲ್ಲಿಸುತ್ತೇನೆ ಅಂತಲೂ ಹೇಳಿದರು.

"ಅದು ನಿಮ್ಮ ಅವ್ರ ವ್ಯವಹಾರ. ನಂಗೆ ಆ ಹಳೇದು ಕೊಡಿ" ಅಂದಳು ಇವಳು.

"ಅದು ಡಿಸ್‌ಪ್ಲೇ ಪೀಸು ಅಕ್ಕ. ಅದನ್ನ ಮಾರೋದಿಲ್ಲ. ಎರಡು ವರ್ಷದಿಂದ ಬಂದವರೆಲ್ಲ ಕೂತು, ಮಲಗಿ, ಮಕ್ಕಳು ಕುಣಿದು..."

"ಅದಕ್ಕೇ ಬೇಕು."

ನನಗೂ ಅರ್ಥವಾಗಲಿಲ್ಲ. ಅವಳು ಅಂಗಡಿಯವರ ಕುತ್ತಿಗೆಯ ಟೇಪು ಕೇಳಿ ತೆಗೆದುಕೊಂಡು, ಒಂದು ತುದಿ ನನ್ನ ಕೈಗೆ ಕೊಟ್ಟು, ಹಾಸಿಗೆಯ ಅಂಚಿನಿಂದ ಅಂಚಿಗೆ ಬಿಗಿಯಾಗಿ ಎಳೆದಳು. ಹೊಸ ಗಿಡ ನೆಡುವಾಗ ಗುಂಡಿ ತೆಗೆಯುವ ಮೊದಲು ಸಾಲಿಗೆ ಹಗ್ಗ ಹಿಡಿಯುತ್ತಾರಲ್ಲ, ಹಾಗೆ. ಟೇಪಿಗೂ ಹಾಸಿಗೆಗೂ ನಡುವೆ ಬೆರಳು ತೂರಿಸಿ ನೋಡಿದಳು. ಕಿರುಬೆರಳು ಕೂಡ ಸರಿಯಾಗಿ ಹೋಗಲಿಲ್ಲ.

"ನೋಡಿ. ಎರಡು ವರ್ಷ ಮೂಡಿಗೆರೆ ಊರಿಗೆ ಊರೇ ಕೂತೆದ್ದಿದೆ. ಒಂದು ಬೆರಳು ಕುಸಿದಿಲ್ಲ. ನೀವು ಹತ್ತು ವರ್ಷ ಗ್ಯಾರಂಟಿ ಅಂತ ಬಾಯಲ್ಲಿ ಹೇಳ್ತೀರಿ. ಇದ್ರ ಗ್ಯಾರಂಟಿ ನನ್ನ ಕಣ್ಣೆದುರಿಗಿದೆ."

ಸಾಹೇಬರು ಕನ್ನಡಕ ತೆಗೆದು ಇವಳನ್ನು ನೋಡಿದರು. ಅಂಗಡಿಯವರಿಗೆ, "ಕೊಡಪ್ಪಾ, ಈ ಹೆಂಗಸಿನ ಹತ್ರ ವ್ಯಾಪಾರದಲ್ಲಿ ನಾನೂ ಗೆದ್ದಿಲ್ಲ" ಅಂದರು.

ಹೊದಿಕೆ ಒಂದು ಕಡೆ ಬಣ್ಣ ಹೋಗಿತ್ತು, ಮೂಲೆಯಲ್ಲಿ ಯಾರದೋ ಮಗು ಪೆನ್ನಿನಲ್ಲಿ ಗೀಚಿತ್ತು. ಇವಳು ಅದನ್ನೆಲ್ಲ ಒಂದೊಂದಾಗಿ ತೋರಿಸಿದಳು, ಬೈಯುವ ಧಾಟಿಯಲ್ಲಲ್ಲ, ಹಾಜರಿ ಕೂಗುವ ಧಾಟಿಯಲ್ಲಿ. ಏಳು ಸಾವಿರಕ್ಕೆ ನಿಂತಿತು. ಉಳಿದ ಸಾವಿರಕ್ಕೆ ಅಲ್ಲೇ ಒಂದು ಗಟ್ಟಿ ಬಟ್ಟೆಯ ಹೊಸ ಹೊದಿಕೆ ಹೊಲಿಯಲು ಹೇಳಬಹುದಿತ್ತು. ಬೇಡ ಅಂದಳು, ಬೆಡ್‌ಶೀಟು ಹಾಸಿದರೆ ಗೀಚಿದ್ದು ಕಾಣುವುದಿಲ್ಲ, ಆ ದುಡ್ಡು ಮಾತ್ರೆಗೆ ಇರಲಿ ಎಂದು. ಕೊಡೆಯ ತಾಯಿ ಮಾತ್ರ ಸೋತ ಮುಖ ಮಾಡಿದರು, "ನೀವು ಇದನ್ನ ತಗೊಂಡ್ರೆ ನನ್ನ ಮಗಳಿಗೆ ಎಂತ ತಗೊಳ್ಳಲಿ ಅಕ್ಕ?" ಇವಳು ಅವರ ಜೊತೆ ಮತ್ತೆ ಅಂಗಡಿಗೆ ಹೋಗಿ, ಒಳಗಿನ ಗೋದಾಮಿಗೇ ನುಗ್ಗಿ, ಹತ್ತು ಹನ್ನೆರಡು ಮೂಲೆ ಎತ್ತಿ ನೋಡಿ, ತೂಕದ್ದು ಒಂದನ್ನು ಹುಡುಕಿಕೊಟ್ಟು ಬಂದಳು. ಅದಕ್ಕೇ ಒಂದು ಗಂಟೆ ಹೋಯಿತು. ನಾನು ಸಾಹೇಬರ ಗೋಣಿ ಮೇಲೆ ಕೂತು ಚಾ ಕುಡಿದೆ, ನನ್ನ ಹೆಂಡತಿ ಮೇಸ್ತ್ರಿಯಾಗಲು ಹೊರಟ ಕಥೆಯನ್ನು ಅವರಿಗೂ ಹೇಳಿದೆ.

ಬಾಡಿಗೆ ಜೀಪಿನ ಮೇಲೆ ಹಾಸಿಗೆ ಕಟ್ಟಿಸಿದ ಮೇಲೆ ನನಗೆ ಹೊಸ ಚಿಂತೆ. ಇದನ್ನು ಲೈನಿಗೆ ಗುಟ್ಟಾಗಿ ಒಯ್ಯುವುದು ಹೇಗೆ? ನೆಂಟರ ಮನೆಗೆ ಹೋದವರು ಹಾಸಿಗೆ ಹೊತ್ತು ಬರುತ್ತಾರೆಯೆ? "ಸ್ವಲ್ಪ ಕತ್ತಲಾಗ್ಲಿ, ಆಮೇಲೆ ಹೋಗುವ" ಅಂದೆ.

ಅವಳು ಜೀಪಿನ ಮುಂದಿನ ಸೀಟಿನಲ್ಲಿ ಕೂತು ಸ್ವಲ್ಪ ಯೋಚಿಸಿದಳು. "ಎಂತಕ್ಕೆ? ಕದ್ದ ಮಾಲಾ? ಎರಡು ವರ್ಷ ಮುಚ್ಚಿಟ್ಟು ಸೊಂಟ ಏನು ಸರಿಯಾಯ್ತಾ? ನಡೀರಿ ಹೋಗುವ."

ಲೈನಿನ ಮುಂದೆ ಜೀಪು ನಿಂತಾಗ ನಾಲ್ಕು ಗಂಟೆಯ ಬಿಸಿಲು. ಆರು ಮನೆಯವರೂ ಹೊರಗೆ. ಇಸ್ತ್ರಿ ಶರ್ಟಿನ ಇಬ್ಬರಲ್ಲಿ ಒಬ್ಬರು ನಮ್ಮ ಪಕ್ಕದ ಮನೆಯವರೇ. ಬೀಡಿ ತೆಗೆದು ಹೇಳಿದರು, "ಮೇಸ್ತ್ರಮ್ಮನಿಗೆ ಈಗ ಹಳೇ ಹಾಸಿಗೆ ಚುಚ್ಚಲಿಕ್ಕೆ ಶುರುವಾಯ್ತಾ?"

ನನಗೆ ಸಿಟ್ಟು ನೆತ್ತಿಗೇರಿತು. ಅವಳು ಹಗ್ಗ ಬಿಚ್ಚುತ್ತಲೇ ಹೇಳಿದಳು, "ಹೌದಣ್ಣ. ಬೆಳಿಗ್ಗೆ ಏಳ್ಲಿಕ್ಕೆ ಆಗೋದಿಲ್ಲ ನಂಗೆ. ಎರಡು ವರ್ಷ ಆಯ್ತು. ಮೂಟೆ ಹೊತ್ತ ಸೊಂಟ. ನಿಮ್ಮದು ಹೇಗಿದೆ?"

ಅಲ್ಲಿ ನಿಂತ ಹೆಂಗಸರೆಲ್ಲ ತಂತಮ್ಮ ಸೊಂಟಕ್ಕೆ ಕೈ ಇಟ್ಟುಕೊಂಡರು, ತಮಗೇ ಗೊತ್ತಿಲ್ಲದೆ. ಪಕ್ಕದ ಮನೆಯವರು ಬೀಡಿ ಆರಿಸಿ ಬಂದು ಹಾಸಿಗೆಯ ಒಂದು ತುದಿ ಹಿಡಿದು ಒಳಗೆ ತರಲು ಕೈಕೊಟ್ಟರು. ಇಳಿಸುವಾಗ ಮೆಲ್ಲಗೆ ಕೇಳಿದರು, "ಎಷ್ಟಾಯ್ತು ಇದಕ್ಕೆ?"

ಹಾಸಿಗೆ ಬಂದ ಮಾರನೇ ದಿನವೇ ಎದ್ದು ಕುಣಿದಳು ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲ ವಾರ ನೋವು ಹೆಚ್ಚೇ ಆಯಿತು. ಹಳ್ಳದಲ್ಲಿ ಮಲಗಿ ಅಭ್ಯಾಸವಾದ ಮೈ, ಸಮತಟ್ಟು ಜಾಗ ಒಪ್ಪಲಿಲ್ಲ. ಐದನೇ ದಿನ ಅವಳು ಬಾಗಿಲು ಹಿಡಿದು ನಿಂತು, "ಏಳು ಸಾವಿರ ನೀರಿಗೆ ಹಾಕಿದ್ನಾ?" ಅಂದಳು. ನಾನು ಡಾಕ್ಟರಿಗೆ ಫೋನು ಮಾಡಿದೆ. ಎರಡು ವಾರ ಕೊಡಿ, ವ್ಯಾಯಾಮ ಬಿಡಬೇಡಿ ಅಂದರು. ಕೊಯ್ಲಿಗೆ ಉಳಿದಿದ್ದದ್ದೇ ಅಷ್ಟು. ಅವಳು ದಿನಾ ಬೆಳಿಗ್ಗೆ ಹಾಸಿಗೆ ಮೇಲೇ ಕಾಲು ಮಡಚಿ, ಬಿಡಿಸಿ, ಒಂದು ಎರಡು ಎಣಿಸುತ್ತಿದ್ದಳು. ಗೋಡೆಯಾಚೆಯಿಂದ ಪಕ್ಕದ ಮನೆಯಾಕೆ, "ಇವತ್ತು ಹದಿನೈದೇ ಆಯ್ತಲ್ಲಾ, ನಿನ್ನೆ ಇಪ್ಪತ್ತಿತ್ತು" ಅಂತ ಕೂಗುತ್ತಿದ್ದಳು.

ಒಂದು ಬೆಳಿಗ್ಗೆ ನಾನು ಎದ್ದು ಒಲೆ ಹತ್ತಿರ ಹೋದರೆ ಚಾ ಆಗಿತ್ತು. ಅವಳು ಅಂಗಳದಲ್ಲಿ ಬಗ್ಗಿ ನೀರು ಚಿಮುಕಿಸುತ್ತಿದ್ದಳು. ಬಗ್ಗಿದವಳು ಎದ್ದಳು. ನಡುವೆ ಎಲ್ಲೂ ನಿಲ್ಲದೆ, ಒಂದೇ ಸಲಕ್ಕೆ. ನನ್ನನ್ನು ನೋಡಿ, "ಎಂತ ನೋಡೋದು? ಲೋಟ ತಗೊಳ್ಳಿ" ಅಂದಳು.

ಕೊಯ್ಲು ಶುರುವಾದ ದಿನ ಅವಳು ಬೇಕೆಂದೇ ತೋಟದಲ್ಲಿ ಎಲ್ಲಕ್ಕಿಂತ ಕಡಿದಾದ ಗುಡ್ಡದ ಬ್ಲಾಕನ್ನು ಮೊದಲು ಹಿಡಿದಳು. ಹಳೇ ಮೇಸ್ತ್ರಿ ಅದನ್ನು ಕೊನೆಗೆ ಇಡುತ್ತಿದ್ದರು. "ಎಲ್ಲರ ಕಾಲು ಹೊಸದಿರುವಾಗ್ಲೇ ಅದು ಮುಗೀಲಿ" ಅಂತ ಅವಳ ಲೆಕ್ಕ. ನಾನು ಕೆಳಗೆ ರಸ್ತೆಯಲ್ಲಿ ಪಿಕಪ್ಪು ನಿಲ್ಲಿಸಿಕೊಂಡು ಮೇಲೆ ನೋಡುತ್ತಿದ್ದೆ. ಮಧ್ಯಾಹ್ನ ಸಾಹುಕಾರರು ಬಂದು, "ಎಲ್ಲಿ ನಿನ್ನ ಹೆಂಡ್ತಿ?" ಅಂದರು. ತೋರಿಸಲು ನನಗೂ ಆಗಲಿಲ್ಲ, ಒಂದು ಕಡೆ ಇದ್ದರಲ್ಲವೆ. ಒಮ್ಮೆ ಸಿಲ್ವರ್ ಮರದ ಹತ್ತಿರ ಅವಳ ದನಿ, ಇನ್ನೊಮ್ಮೆ ಮೇಲಿನ ಬೇಲಿ ಹತ್ತಿರ. ಕಾಯಿ ಕಿತ್ತವರಿಗೆ ಬೈಗುಳ, ಹಣ್ಣು ಚೆಲ್ಲಿದವರಿಗೆ ಬೈಗುಳ, ಒಬ್ಬ ಮುದುಕಿಗೆ ಮಾತ್ರ, "ನೀವು ಕೂತ್ಕೊಳಿ ಅಮ್ಮ, ನಿಮ್ಮ ಸಾಲು ನಾನು ನೋಡ್ತೀನಿ."

ಹೀಗೆ ಎರಡು ತಿಂಗಳು. ಒಂದು ದಿನ ರಜೆ ಹಾಕಲಿಲ್ಲ. ಹಣ್ಣಿನಲ್ಲಿ ಹಸಿಕಾಯಿ ಇಷ್ಟು ಕಮ್ಮಿ ಬಂದದ್ದು ತಾನು ಯಾವ ವರ್ಷವೂ ನೋಡಿಲ್ಲ ಅಂತ, ಎಸ್ಟೇಟಿನ ಹಾಜರಿ ಪುಸ್ತಕ ಬರೆಯುವ ರೈಟರು ನನ್ನ ಹತ್ತಿರ ಹೇಳಿದರು. ನಾನು ಅದನ್ನು ಅವಳಿಗೆ ಹೇಳಲಿಲ್ಲ. ಬೇರೆ ಎಲ್ಲರಿಗೂ ಹೇಳಿದೆ.

ಅರೇಬಿಕಾ ಮುಗಿದ ದಿನ ಸಂಜೆ ಸಾಹುಕಾರರು ಕಣದ ಹತ್ತಿರ ಕುರ್ಚಿ ಹಾಕಿ ಕೂತು ಅವಳನ್ನು ಕರೆಸಿದರು. ಕೆಲಸದವರೆಲ್ಲ ಕಾಲು ತೊಳೆಯುವ ನೆಪ ಮಾಡಿಕೊಂಡು ಅಲ್ಲೇ ಸುಳಿಯುತ್ತಿದ್ದರು. ನಾನು ಬಾನೆಟ್ಟು ಎತ್ತಿ, ಕೆಟ್ಟಿರದ ಇಂಜಿನ್ನು ನೋಡುತ್ತಿದ್ದೆ. ಸಾಹುಕಾರರು ರೈಟರ ಕಡೆ ತಿರುಗಿ, "ನಾಳೆಯಿಂದ ಇವರ ಹೆಸ್ರು ಮೇಸ್ತ್ರಿ ಕಾಲಮ್ಮಿನಲ್ಲಿ ಬರೀರಿ" ಅಂದರು. ಇಪ್ಪತ್ತು ವರ್ಷ 'ಇವಳು' ಅಂದ ಬಾಯಿ. ಅವತ್ತು 'ಇವರ' ಅಂದಿತು. ಬಾನೆಟ್ಟಿನ ಕೆಳಗೆ ನನಗೆ ಕಣ್ಣು ಉರಿಯಿತು, ಹೊಗೆ ಇರಬೇಕು ಅಂದುಕೊಂಡೆ, ಆದರೆ ಇಂಜಿನ್ನು ಆಫ್ ಇತ್ತು.

ಕೈಮುಗಿದಾಳು, ಕಣ್ಣೀರು ಹಾಕಿಯಾಳು ಅಂತ ಎಲ್ಲರೂ ನೋಡುತ್ತಿದ್ದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಟ್ಟಗೆ ನಿಂತು ಹೇಳಿದಳು, "ಹಾಗಾದ್ರೆ ಸಾವ್ಕಾರ್ರೇ, ಮೆಣಸು ಕೊಯ್ಲಿಗೆ ಹೊಸ ಏಣಿ ಬೇಕು. ಈಗಿರೋ ಬಿದಿರಿಂದು ಎರಡು ಕಡೆ ಸೀಳಿದೆ, ಅದ್ರ ಮೇಲೆ ನಾನು ಯಾರನ್ನೂ ಹತ್ತಿಸೋದಿಲ್ಲ."

"ಆಯ್ತು, ಒಂದು ತರಿಸೋಣ" ಅಂದರು ಸಾಹುಕಾರರು.

"ಎರಡು" ಅಂದಳು.

ಸಾಹುಕಾರರು ರೈಟರ ಮುಖ ನೋಡಿದರು. ರೈಟರು ನೆಲ ನೋಡಿದರು. ಮರುದಿನ ಚಿಕ್ಕಮಗಳೂರಿನಿಂದ ಅಲ್ಯುಮಿನಿಯಂ ಏಣಿ ಎರಡನ್ನು ಪಿಕಪ್ಪಿನಲ್ಲಿ ಕಟ್ಟಿಕೊಂಡು ಬಂದವನು ನಾನೇ.